ಏಳು ಲಕ್ಷದ ಸದ್ದಿಲ್ಲದ ಕಾರು

ಏಳು ಲಕ್ಷಕ್ಕೆ ಎಲೆಕ್ಟ್ರಿಕ್ ಕಾರು! ಪೇಪರಿನಲ್ಲಿ ಅಷ್ಟು ದಪ್ಪ ಅಕ್ಷರದಲ್ಲಿ ಹಾಕಿದ ಮೇಲೆ ಸುಳ್ಳಾಗುವುದುಂಟೇ? ಕಾರಿಗೆಂದು ಕೂಡಿಟ್ಟ ಚೀಟಿ ಹಣ, ಬಳೆ ಮಾರಿದ್ದು ಎಲ್ಲಾ ಸೇರಿ ನನ್ನ ಹತ್ತಿರ ಸರಿಯಾಗಿ ಅಷ್ಟೇ ಇತ್ತು. ಮಂಡಿ ನೋವಿಗೆ ಸ್ಕೂಟರ್ ಹತ್ತಲಾರದೆ, ನಮ್ಮ ದಾವಣಗೆರೆಗೆ ಹತ್ತಿರದ ಹರಿಹರದಲ್ಲಿರುವ ತಂಗಿ ಗಿರಿಜಳ ಮನೆಗೆ ಹೋಗಿ ಎರಡು ವರ್ಷವಾಗಿತ್ತು. "ಶುಕ್ರವಾರ ನಮ್ಮ ಕಾರಲ್ಲಿ ಬರ್ತೀವಿ, ಆರತಿ ತಟ್ಟೆ ರೆಡಿ ಇಡು," ಎಂದು ಫೋನ್ ಮಾಡಿಬಿಟ್ಟೆ.

ಶುಕ್ರವಾರ ಬೆಳಿಗ್ಗೆ, ಓಡಿಸಿ ನೋಡಲೆಂದು ಷೋರೂಮಿನ ರುದ್ರಪ್ಪ ಕಾರು ತಂದರು. ದಟ್ಟ ಮಂಜು. ಗೇಟು ತೆರೆದರೆ ಕಾರು ಆಗಲೇ ನಿಂತಿದೆ! ಬಂದ ಸದ್ದೇ ಇಲ್ಲ. ಬೀದಿ ನಾಯಿ ಬೊಗಳಲಿಲ್ಲ, ಬಾಲ ಮುದುರಿಕೊಂಡು ಹಿಂದೆ ಸರಿಯಿತು.

ಹೊಸ ಗಾಡಿ ಬಾಗಿಲಿಗೆ ಬಂದ ಮೇಲೆ ಪೂಜೆ ಮಾಡದೆ ಬಿಡುವುದು ನಮ್ಮ ಮನೆತನದಲ್ಲಿಲ್ಲ. "ಅಮ್ಮಾರೆ, ಇದು ಬರೀ ನೋಡಾಕ ತಂದಿದ್ದು..." ಎಂದು ರುದ್ರಪ್ಪ ಬಾಯಿ ತೆರೆಯುವಷ್ಟರಲ್ಲಿ ಅರಿಶಿಣ, ಕುಂಕುಮ, ಹಾರ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು, ದೃಷ್ಟಿಗೆ ಒಡೆಯಲು ಬೂದುಗುಂಬಳ, ಎಲ್ಲಾ ಸಾಂಗವಾಗಿತ್ತು!

ನಮ್ಮನೆಯವರು ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ರುದ್ರಪ್ಪ. ಹಿಂದೆ ನಾನೊಬ್ಬಳೇ.

"ಸ್ಟಾರ್ಟ್ ಮಾಡ್ರಿ," ಎಂದೆ.

"ಆಗೈತೆ," ಎಂದರು ರುದ್ರಪ್ಪ.

ನೋಡಿದರೆ ನಮ್ಮ ಮನೆ ತಾನಾಗಿ ಹಿಂದೆ ಸರಿಯುತ್ತಿತ್ತು! ನಿಂಬೆಹಣ್ಣು ಒಡೆದದ್ದೊಂದೇ ಕೇಳಿಸಿದ್ದು.

ಹೆದ್ದಾರಿಯಲ್ಲಿ ಏನೂ ಕಾಣದು, ಏನೂ ಕೇಳದು. ಸೈಕಲ್ಲಿನವನೊಬ್ಬ ಸದ್ದಿಲ್ಲದೆ ಬೆನ್ನಿಗೆ ಬಂದ ಕಾರನ್ನು ತಿರುಗಿ ನೋಡಿ, "ಅಯ್ಯಯ್ಯಪ್ಪಾ!" ಎಂದು ಕೈಮುಗಿದ. ಆಗ ಶುರುವಾಯಿತು. ಟಿಣ್... ಟಿಣ್... ಟಿಣ್...

ರುದ್ರಪ್ಪ ಪರದೆ ನೋಡಿದರು. "ಹಿಂದೆ ಕುಂತಿರೋ ಇನ್ನೊಬ್ರಿಗೆ ಬೆಲ್ಟ್ ಹಾಕಾಕ ಹೇಳ್ರಿ."

"ಇನ್ನೊಬ್ರು ಯಾರ್ರೀ?"

"ಯಾರೋ ಕುಂತಾರಂತ ತೋರ್ಸ್ತೈತೆ."

ನಮ್ಮನೆಯವರು ತಿರುಗದೆ ಪಿಸುಗುಟ್ಟಿದರು: "ನಮ್ಮವ್ವ ಇರಬೌದೇನೇ? ಕಾರಲ್ಲಿ ಕುಂದ್ರಬೇಕಂತ ಸಾಯೋತನಕ ಹೇಳ್ತಿದ್ಲು."

ಅತ್ತೆಗೆ ಜಾಗ ಬಿಟ್ಟು ಬಾಗಿಲಿಗೆ ಅಂಟಿಕೊಂಡೆ. ಕಣ್ಣು ಮುಚ್ಚಿ ಮೆಲ್ಲಗೆ ಕೈ ಚಾಚಿದೆ. ತಣ್ಣಗೆ, ದುಂಡಗೆ, ಬೂದಿ ಬೂದಿ!

ಕುಂಬಳಕಾಯಿ! ಹರಿಹರದಲ್ಲಿ ಒಡೆಯೋಣವೆಂದು ನಾನೇ ಸೀಟಿನ ಮೇಲಿಟ್ಟು ಮರೆತಿದ್ದೆ. ಅದಕ್ಕೆ ಬೆಲ್ಟ್ ಕಟ್ಟಿದ ಮೇಲೆ ಟಿಣ್ ನಿಂತಿತು.

ಹೋದ ಜೀವ ಬಂದಂತಾಗಿ ಕೇಳಿದೆ: "ಏಳು ಲಕ್ಷಕ್ಕೆ ಎಲ್ಲಾ ಸೇರಿತಲ್ರೀ?"

"ಎಲ್ಲಾ ಸೇರೈತ್ರಮ್ಮ. ಬ್ಯಾಟರಿ ಒಂದು ಬಿಟ್ಟು."

"ಬ್ಯಾಟರಿ ಬಿಟ್ಟು ಓಡೋದು ಹೆಂಗೆ?"

"ಅದು ಬಾಡಿಗೆ. ಕಿಲೋಮೀಟರಿಗೆ ಇಷ್ಟು ಅಂತ. ಕಾಯ ನಿಮ್ದು, ಜೀವ ಕಂಪನಿದು."

"ಬಾಡಿಗೆ ಕಟ್ಟದಿದ್ರೆ?"

"ಅಲ್ಲಿಂದ್ಲೇ ಬಂದ್ ಮಾಡ್ತಾರೆ."

"ಎಲ್ಲಿಂದ?"

ರುದ್ರಪ್ಪ ಸುಮ್ಮನೆ ಮೇಲಕ್ಕೆ ಬೆರಳು ತೋರಿಸಿದರು.

"ಜೀವ ಸಮೇತ ಎಷ್ಟ್ರೀ?" ಎಂದರು ನಮ್ಮನೆಯವರು.

"ಹತ್ತು ದಾಟ್ತೈತೆ. ಇನ್ಶೂರೆನ್ಸ್ ಬ್ಯಾರೆ."

ಹರಿಹರದ ತನಕ ಕುಂಬಳಕಾಯಿಯನ್ನು ತಬ್ಬಿಕೊಂಡು ಕೂತೆ.

ಗಿರಿಜಾ ಬೀದಿಯವರನ್ನೆಲ್ಲ ಸೇರಿಸಿ ಆರತಿ ಎತ್ತಿದಳು. ನಾವು ಇಳಿದದ್ದೇ, ಮುಂದಿನ ಗಿರಾಕಿಗೆ ಹೊತ್ತಾಯಿತೆಂದು ರುದ್ರಪ್ಪ ಹಾರದ ಸಮೇತ ಮಂಜಿನೊಳಗೆ ಮಾಯವಾದರು.

"ಅಕ್ಕಾ, ನಿನ್ನ ಕಾರು ಯಾಕ ಹೋತು?"

"ಜೀವ ತರಾಕ ಹೋಗೈತೆ," ಎಂದರು ನಮ್ಮನೆಯವರು.

ಸಂಜೆ ಗಿರಿಜಾ ಕೆಳಗಿನಿಂದ ನೂಕಿ, ನಮ್ಮನೆಯವರು ಮೇಲಿನಿಂದ ಎಳೆದು ನನ್ನನ್ನು ಸರ್ಕಾರಿ ಬಸ್ಸಿಗೆ ಏರಿಸಿದರು. ಕಂಡಕ್ಟರ್ ಆಧಾರ್ ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟ. ಸೊನ್ನೆ ರೂಪಾಯಿ! ಅದೂ ಇಂಜಿನ್, ಡ್ರೈವರ್, ಕಂಡಕ್ಟರ್ ಸಮೇತ!

ಪಕ್ಕದ ಸೀಟಿನಾಕೆ ಕೇಳಿದಳು: "ದಿನಾ ಓಡಾಡ್ತೀರೇನ್ರಿ?"

"ಇಲ್ಲವ್ವ," ಎಂದೆ. "ಎರಡು ವರ್ಷದಿಂದ ಏಳು ಲಕ್ಷ ಕೂಡಿಸ್ತಿದ್ದೆ."