ಒಂದೇ ಬೆಳಗಿನಲ್ಲಿ ಪ್ರೌಢಶಾಲೆ ಮುಗಿಸಿದ ಹುಡುಗಿಯನ್ನು ಮರಳಿ ಸೇರಿಸಿಕೊಳ್ಳುವ ಕುರಿತು

ಇಂದ,
ತಾತ್ಕಾಲಿಕ ಪ್ರಯೋಗಾಲಯ ಸಹಾಯಕಿ,
ಹಾಗೂ (ನನ್ನನ್ನು ಕೇಳದೆಯೇ ನೇಮಿಸಲಾದ) ಸಂಚಾಲಕಿ, ಪ್ರವೇಶ–ನಿರ್ಗಮನ ಬೆಂಬಲ ಕೋಶ,
ಮೆಟ್ಟಿಲ ಕೆಳಗಿನ ಕೊಠಡಿ.

ಗೆ,
ಮಾನ್ಯ ಮುಖ್ಯೋಪಾಧ್ಯಾಯರು,
ಇದೇ ಶಾಲೆ, ಅದೇ ಮೆಟ್ಟಿಲ ಮೇಲಿನ ಕೊಠಡಿ.

ವಿಷಯ: ಪ್ರವೇಶ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎರಡೂವರೆ ಗಂಟೆಗಳಲ್ಲಿ ಪ್ರೌಢಶಾಲಾ ಶಿಕ್ಷಣವನ್ನು ಪೂರೈಸಿರುವುದನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ:
1. "ಹೊಸದಾಗಿ ಬರುವ ಮಕ್ಕಳು ಗಾಬರಿಯಾಗದಂತೆಯೂ, ಮುಗಿಸಿ ಹೋಗುವ ಮಕ್ಕಳು ದಿಕ್ಕೆಡದಂತೆಯೂ ನೋಡಿಕೊಳ್ಳತಕ್ಕದ್ದು" ಎಂಬ ತಮ್ಮ ಸುತ್ತೋಲೆ.
2. ಕಚೇರಿಯ ದಾಖಲೆ ಪುಸ್ತಕ, ಪುಟ 48, ಸಾಲು 62.
3. ವಿದ್ಯಾರ್ಥಿನಿಯ ತಾಯಿ ಟೈಲರಮ್ಮನವರು ನನ್ನ ಮೇಜಿನ ಮುಂದೆ ನಿಂತು ಆಡಿದ ಮಾತು (ಮೌಖಿಕ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಘಟನೆಗಳನ್ನು ಅವು ನಡೆದ ಕ್ರಮದಲ್ಲಿಯೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ನಾನು ವಿಜ್ಞಾನ ಪದವೀಧರೆಯಾದ ಕಾರಣ ಕ್ರಮ ತಪ್ಪಿಸಿ ಬರೆಯಲು ನನಗೆ ಬರುವುದಿಲ್ಲ. ಕ್ಷಮೆಯಿರಲಿ.

1. ಉಲ್ಲೇಖ (1)ರ ಮೇರೆಗೆ ಸ್ಥಾಪನೆಯಾದ ಬೆಂಬಲ ಕೋಶದಲ್ಲಿ ಒಂದು ಫಲಕ, ಒಂದು ಸ್ಟೂಲು ಮತ್ತು ಒಂದು ವಹಿ ಇವೆ. ಇವಲ್ಲದೆ ಆರು ಪೊರಕೆಗಳೂ ಕಾಲು ಮುರಿದ ಭೂಗೋಳವೂ ಇವೆ. ಅವು ಕೋಶಕ್ಕಿಂತ ಹಿರಿಯವು. ಈ ಕೊಠಡಿಯನ್ನು ತಾನಾಗಿಯೇ ಹುಡುಕಿಕೊಂಡು ಬರಬಲ್ಲ ಹೊಸ ವಿದ್ಯಾರ್ಥಿಗೆ ಯಾವ ಬೆಂಬಲವೂ ಬೇಕಾಗಿರುವುದಿಲ್ಲ ಎಂದು ಅಂದೇ ನಿವೇದಿಸಿದ್ದೆ. ಫಲಕವನ್ನು ಇನ್ನಷ್ಟು ದೊಡ್ಡದು ಮಾಡಿಸೋಣವೆಂದು ತಾವು ಅಪ್ಪಣೆ ಕೊಡಿಸಿದಿರಿ.

2. ಸಮಯದ ಉಳಿತಾಯದ ದೃಷ್ಟಿಯಿಂದ, ಹೊಸಬರ ಸ್ವಾಗತವನ್ನೂ ಫಲಿತಾಂಶ ಪಡೆದು ಹೋಗುವವರ ಬೀಳ್ಕೊಡುಗೆಯನ್ನೂ ಒಂದೇ ದಿನ, ಒಂದೇ ಸಭಾಂಗಣದಲ್ಲಿ, ಒಂದೇ ಬ್ಯಾನರಿನ ಕೆಳಗೆ ನಡೆಸಲಾಯಿತು. ಭಾಷಣವೂ ಒಂದೇ ಆಗಿತ್ತು. "ನೀವು ಈ ಅಂಗಳಕ್ಕೆ ಕಾಲಿಟ್ಟದ್ದು ನಿನ್ನೆ ಮೊನ್ನೆ ಎಂಬಂತಿದೆ" ಎಂದು ತಾವು ಗದ್ಗದಿತರಾದಿರಿ. ಮುಂದಿನ ನಾಲ್ಕು ಸಾಲುಗಳಲ್ಲಿ ಕುಳಿತಿದ್ದ ಎಂಬತ್ತೈದು ಮಕ್ಕಳು ಕಾಲಿಟ್ಟದ್ದು ಅದೇ ಬೆಳಿಗ್ಗೆ 9.10ಕ್ಕೆ. "ಈ ಗೋಡೆಗಳು ನಿಮ್ಮನ್ನು ಮರೆಯುವುದಿಲ್ಲ" ಎಂದಾಗ ಅವರು ಗೋಡೆಗಳನ್ನು ತಿರುಗಿ ನೋಡಿದರು. ಹಿಂದಿನ ಸಾಲುಗಳ ಅರವತ್ತೊಂದು ಮಂದಿಗೆ ಬೇಕಾಗಿದ್ದುದು ಬೇರೆ: ಮುಂದೆ ಯಾವ ಕೋರ್ಸು, ಅರ್ಜಿ ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು. ಇಡೀ ಜಗತ್ತೇ ನಿಮ್ಮ ಮುಂದಿದೆ ಎಂದು ತಾವು ತಿಳಿಸಿದಿರಿ. ಅವರ ಮುಂದಿದ್ದುದು ಗೇಟು. ಅವರು ಅದರ ಮೂಲಕ ಹೋದರು.

3. ಸಭೆಗೂ ಗೇಟಿಗೂ ನಡುವೆ ಎರಡು ಸಾಲುಗಳನ್ನು ಮಾಡಲಾಗಿತ್ತು. ಎಡಗಡೆಯದು ಹೊಸಬರಿಗೆ ಗುರುತಿನ ಚೀಟಿ ಕೊಡಲು. ಬಲಗಡೆಯದು ಹೋಗುವವರಿಗೆ 'ಶಾಲೆ ಬಿಟ್ಟ ಪ್ರಮಾಣಪತ್ರ' ಕೊಡಲು. ಎಡಗಡೆಯ ಸಾಲು ಅತಿಥಿಗಳ ಚಹಾದ ದಾರಿಗೆ ಅಡ್ಡವಾಗುತ್ತಿದ್ದ ಕಾರಣ ಅದನ್ನು ಅರ್ಧದಲ್ಲಿ ಕದಲಿಸಲಾಯಿತು. ಆ ಗಲಿಬಿಲಿಯಲ್ಲಿ ಟೈಲರಮ್ಮನವರ ಮಗಳು ಒಂಟಿಯಾಗಿ ನಿಂತಿದ್ದಳು. ಆಕೆ ವಯಸ್ಸಿಗೆ ಮೀರಿ ಎತ್ತರ. ದೈಹಿಕ ಶಿಕ್ಷಕರು ವಯಸ್ಸನ್ನು ಎತ್ತರದಿಂದ ಅಳೆಯುವವರಾದ್ದರಿಂದ, "ಏಯ್ ಏಣಿ, ನಿನ್ ಸಾಲು ಆ ಕಡೆ" ಎಂದು ಬಲಕ್ಕೆ ದೂಡಿದರು. ದೊಡ್ಡ ಶಾಲೆಯಲ್ಲಿ ಹೇಳಿದಂತೆ ಕೇಳಬೇಕೆಂದು ಮನೆಯಲ್ಲಿ ಕಲಿಸಿದ್ದ ಕಾರಣ ಆಕೆ ಕೇಳಿದಳು. "ಯಶಸ್ವಿಯಾಗಿ ಪೂರೈಸಿರುತ್ತಾರೆ" ಎಂದು ಮೊದಲೇ ಅಚ್ಚಾಗಿದ್ದ ಕಾಗದದಲ್ಲಿ ಗುಮಾಸ್ತರು ಹೆಸರು ಕೇಳಿ ತುಂಬಿದರು. ತೋರಿಸಿದ ಕಡೆ ಆಕೆ ಸಹಿ ಹಾಕಿದಳು. ಸಮಯ 11.40.

4. ಮರುದಿನ ತರಗತಿ ಶಿಕ್ಷಕಿಯವರು ಕಚೇರಿಯ ಪಟ್ಟಿಯಂತೆ ಆಕೆಯ ಹೆಸರನ್ನು ಹಾಜರಿಯಿಂದ ಹೊಡೆದುಹಾಕಿದರು. ಅಂದಿನಿಂದ ಒಂಬತ್ತು ಶಾಲಾ ದಿನಗಳ ಕಾಲ ಆಕೆ ಪ್ರಯೋಗಾಲಯದ ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಒಳಗಿನ ಪಾಠ ಕೇಳಿಸಿದಷ್ಟನ್ನು ಬರೆದುಕೊಂಡಳು. ನಾನು ದಿನಕ್ಕೆ ನಾಲ್ಕು ಬಾರಿಯಂತೆ ಒಟ್ಟು ಮೂವತ್ತಾರು ಬಾರಿ ಆಕೆಯನ್ನು ದಾಟಿ ಹೋಗಿದ್ದೇನೆ. ಶಿಕ್ಷೆಗೆ ಹೊರಗೆ ಕೂರಿಸಿರಬೇಕೆಂದು ಊಹಿಸಿದ್ದೆ. ಈ ಅಂಕಿಯನ್ನು ಯಾರೂ ಕೇಳಿಲ್ಲ. ಬೆಂಬಲ ಕೋಶದ ಸಾಧನೆಯೆಂದು ನಾನಾಗಿಯೇ ದಾಖಲಿಸುತ್ತಿದ್ದೇನೆ. ಒಂಬತ್ತನೆಯ ದಿನ ಕೇಳಿದಾಗ ಆಕೆ ಎದ್ದು ನಿಂತು ಹೇಳಿದ್ದಿಷ್ಟು:

"ನನ್ ಹೆಸರು ಕರೀಲಿಲ್ಲ ಮಿಸ್. ನಂದು ಮುಗೀತಂತೆ."

5. ಕೂಡಲೇ ಗುಮಾಸ್ತರ ಬಳಿಗೆ ಹೋದೆ. ಅವರ ಪುಸ್ತಕದಲ್ಲಿರುವುದು ಎರಡೇ ಕಾಲಂ: 'ಸೇರಿದವರು', 'ಬಿಟ್ಟವರು'. ಆಕೆ ಎರಡರಲ್ಲೂ ಇದ್ದಳು. ಶಾಲೆ ಮುಗಿಸಿ ಬಿಡುವುದಕ್ಕೂ, ಮುಗಿಸದೆ ಬಿಡುವುದಕ್ಕೂ, ಬಿಡದೆಯೇ ಬಿಟ್ಟವಳಾಗುವುದಕ್ಕೂ ವ್ಯತ್ಯಾಸವಿದೆಯೆಂದು ವಿವರಿಸಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಬಿಟ್ಟವರು ಅಂದ್ರೆ ಬಿಟ್ಟವರು ಮೇಡಂ. ಹೇಗೆ ಬಿಟ್ರು ಅಂತ ಬರಿಯೋಕೆ ಈ ಪುಸ್ತಕದಲ್ಲಿ ಜಾಗ ಎಲ್ಲಿದೆ, ನೀವೇ ನೋಡಿ" ಎಂದರು. ನೋಡಿದೆ. ಜಾಗವಿರಲಿಲ್ಲ. ಒಮ್ಮೆ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವ ಕಾಲಮೂ ಇರಲಿಲ್ಲ.

6. ಪರೀಕ್ಷೆ ಬರೆದವರು 61, ಮುಗಿಸಿದವರು 62 ಎಂಬ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತಂದೆ. "ನೋಡಮ್ಮ, ಅಷ್ಟು ಹೆಚ್ಚುಕಮ್ಮಿ ಎಲ್ಲಾ ಕಡೆ ಇರುತ್ತೆ. ಜಾಸ್ತಿ ಅಲ್ವಾ ಆಗಿರೋದು, ಕಮ್ಮಿ ಆಗಿಲ್ವಲ್ಲ" ಎಂದು ತಾವು ಸಮಾಧಾನ ಹೇಳಿದಿರಿ. ಪ್ರಯೋಗದಲ್ಲಿ ಅಳತೆಯ ದೋಷಕ್ಕೆ ಒಂದು ಮಿತಿಯಿರುತ್ತದೆ, ನಿಜ. ಆದರೆ ಆ ದೋಷವು ಮೆಟ್ಟಿಲ ಮೇಲೆ ಕುಳಿತು ಡಬ್ಬಿಯ ಊಟ ಮಾಡುವುದಿಲ್ಲ. ಅದೇ ಸಂಜೆ ಮೇಲಧಿಕಾರಿಗಳಿಗೆ ಹೋದ ವರದಿಯಲ್ಲಿ "ಪ್ರವೇಶ ಶೇ. 100, ನಿರ್ಗಮನ ಶೇ. 100ಕ್ಕೂ ಅಧಿಕ" ಎಂದಿತ್ತು. ಅದಕ್ಕೆ ಪ್ರಶಂಸಾಪತ್ರವೂ ಬಂದಿದೆ. ತಮ್ಮ ಕುರ್ಚಿಯ ಹಿಂದೆ ತೂಗುಹಾಕಿರುವುದನ್ನು ಕಂಡೆ.

7. ಟೈಲರಮ್ಮನವರನ್ನು ಕರೆಸಿದೆ. ಅವರು ಪ್ರಮಾಣಪತ್ರವನ್ನು ಮಡಿಕೆ ಬೀಳದಂತೆ ಎರಡು ರಟ್ಟುಗಳ ನಡುವೆ ಇಟ್ಟುಕೊಂಡು ಬಂದಿದ್ದರು. ದೊಡ್ಡ ಶಾಲೆಗೆ ಸೇರಿಸಿಕೊಂಡಿದ್ದಕ್ಕೆ ಕೊಟ್ಟ ಕಾಗದವೆಂದು ತಿಳಿದಿದ್ದರಂತೆ. ಅದರಲ್ಲಿರುವುದನ್ನು ನಾನೇ ಓದಿ ಹೇಳಬೇಕಾಯಿತು. ಅವರು ಕೂಗಾಡಲಿಲ್ಲ. ಆಡಿದ ಮಾತನ್ನು ಯಥಾವತ್ತಾಗಿ ದಾಖಲಿಸುತ್ತೇನೆ:

"ಟೀಚರಮ್ಮ, ನಾನು ತೋಳು ತಿರುಗಾಮುರುಗಾ ಹೊಲಿದ್ರೆ, ಗಿರಾಕಿಗೆ 'ನಿಮ್ಮ ಕೈನೇ ತಿರುಗಿಸಿಕೊಳ್ಳಿ' ಅಂತ ಹೇಳಲ್ಲ. ಕೂತು ಬಿಚ್ತೀನಿ, ಮತ್ತೆ ಹೊಲಿತೀನಿ. ನಿಮ್ಮ ಇಷ್ಟು ದೊಡ್ಡ ಕಚೇರೀಲಿ ಹೊಲಿಗೆ ಬಿಚ್ಚೋಕೆ ಬರೋರು ಒಬ್ಬರೂ ಇಲ್ವಾ?"

ಕೋಶದ ಸಂಚಾಲಕಿಯಾಗಿ ಈ ಪ್ರಶ್ನೆಯನ್ನು ಮೇಲಕ್ಕೆ ರವಾನಿಸುತ್ತಿದ್ದೇನೆ.

8. ಪ್ರವೇಶ ಪಟ್ಟಿಯು ಶುಕ್ರವಾರ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ಪ್ರೌಢಶಾಲೆ ಮುಗಿಸಿದವಳನ್ನು ಪ್ರವೇಶ ತರಗತಿಗೆ ಸೇರಿಸಿಕೊಳ್ಳಲು ಆಚೆ ಬೀದಿಯ ಶಾಲೆಯವರು ಒಪ್ಪುವುದಿಲ್ಲ, ವಿಚಾರಿಸಿದ್ದೇನೆ. ಪ್ರವೇಶ ತರಗತಿಯ ಪಾಠವನ್ನೇ ಕಲಿಯದವಳನ್ನು ಮುಂದಿನ ಕಾಲೇಜೂ ಒಪ್ಪುವುದಿಲ್ಲ, ಇದನ್ನು ವಿಚಾರಿಸಬೇಕಾಗಿಲ್ಲ. ಆದ್ದರಿಂದ ಶುಕ್ರವಾರ ನಾಲ್ಕು ಗಂಟೆ ಒಂದು ನಿಮಿಷಕ್ಕೆ, ಹದಿಮೂರು ವರ್ಷದ ಈ ವಿದ್ಯಾರ್ಥಿನಿಯ ಓದು ನಿಜವಾಗಿಯೂ ಮುಗಿದಿರುತ್ತದೆ. ಆಗ ಮಾತ್ರ ನಮ್ಮ ದಾಖಲೆ ಸರಿಯಾಗಿರುತ್ತದೆ.

ಆದ್ದರಿಂದ, ಪುಟ 48ರ ಸಾಲು 62ನ್ನು ಹೊಡೆದು, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಬೇಕಾಗಿ ಕೋರುತ್ತೇನೆ. ಶಾಯಿ, ಲೇಖನಿ ಮತ್ತು ಅಡಿಪಟ್ಟಿಯನ್ನು ನಾನೇ ತರುತ್ತೇನೆ. ದಾಖಲೆಯೇ ಸರಿಯೆಂಬುದು ತಮ್ಮ ತೀರ್ಮಾನವಾದಲ್ಲಿ, ಅದೇ ಸಭಾಂಗಣದಲ್ಲಿ ಅದೇ ಭಾಷಣವನ್ನು ಕೇಳಿದ ಉಳಿದ ಎಂಬತ್ತನಾಲ್ಕು ಹೊಸ ಮಕ್ಕಳಿಗೂ ಪ್ರಮಾಣಪತ್ರ ನೀಡಿ ಮನೆಗೆ ಕಳುಹಿಸಬೇಕು; ಅವರೂ ಅಷ್ಟೇ ಕಲಿತಿದ್ದಾರೆ.

ತಮ್ಮ ತೀರ್ಮಾನ ಹೊರಬೀಳುವವರೆಗೆ ನಾನು ತಮ್ಮ ಕೊಠಡಿಯ ಮುಂದಿನ ಮೆಟ್ಟಿಲ ಮೇಲೆ ಕುಳಿತಿರುತ್ತೇನೆ. ಹುಡುಗಿಯೂ ಪಕ್ಕದಲ್ಲಿರುತ್ತಾಳೆ. ದಾಟಿ ಹೋಗುವಾಗ ತಾವು ದೀರ್ಘವಾಗಿ ಏನನ್ನೂ ವಿಚಾರಿಸಬೇಕಾಗಿಲ್ಲ. ಆಕೆಯ ಹೆಸರು ಕರೆದರೆ ಸಾಕು.

ತಮ್ಮ ವಿಶ್ವಾಸಿ (ಶುಕ್ರವಾರ ನಾಲ್ಕರವರೆಗೆ),
ಸಹಿ/-

ಅಡಕಗಳು:
1. ಶಾಲೆ ಬಿಟ್ಟ ಪ್ರಮಾಣಪತ್ರ, ಮೂಲಪ್ರತಿ (ರಟ್ಟುಗಳ ಸಮೇತ).
2. ಮೆಟ್ಟಿಲ ಮೇಲೆ ಬರೆದುಕೊಂಡ ವಿಜ್ಞಾನದ ಟಿಪ್ಪಣಿ, ಒಂಬತ್ತು ದಿನದ್ದು. ತಪ್ಪುಗಳು: ಎರಡು. ತಿದ್ದಿದ್ದೇನೆ.
3. ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿ, ಒಂದು. ಟೈಲರಮ್ಮನವರು ಕೊಟ್ಟು ಕಳುಹಿಸಿದ್ದು. ಬಳಸಿದ ನಂತರ ದಯಮಾಡಿ ಹಿಂದಿರುಗಿಸುವುದು; ಅವರ ಕೆಲಸದಲ್ಲಿ ತಪ್ಪನ್ನು ಸರಿಪಡಿಸುವ ರೂಢಿಯಿರುವ ಕಾರಣ ಅದು ಅವರಿಗೆ ದಿನವೂ ಬೇಕಾಗುತ್ತದೆ.