ಮೂವತ್ತೆಂಟು ಹಳದಿ ಎಚ್ಚರಿಕೆಗಳು

ಮದುವೆಯಾಗಿ ಒಂಬತ್ತು ವರ್ಷ. ಹೆಂಡತಿ ಶೋಭಾರಾಣಿಯ ಎಚ್ಚರಿಕೆಗಳನ್ನು ಕಿವಿಗೆ ಹಾಕಿಕೊಳ್ಳದೆ ಸುಖವಾಗಿಯೇ ಬದುಕಿದ್ದೇನೆ. (ಹಾಲು ಎಷ್ಟು ಸಲ ಉಕ್ಕಿತೆಂದು ಕೇಳಬೇಡಿ.) ಅಂಥ ವೀರನಿಗೆ ಜುಜುಬಿ ಕಂಪ್ಯೂಟರಿನ ಎಚ್ಚರಿಕೆ ಯಾವ ಲೆಕ್ಕ ಎಂದುಕೊಂಡದ್ದೇ ನನ್ನ ತಪ್ಪು.

ನಾವಿಬ್ಬರೂ ಶಿಡ್ಲಘಟ್ಟದ ಮನೆಯಲ್ಲೇ ಕೂತು ಮೊಬೈಲ್ ಆ್ಯಪ್ ಬರೆಯುವವರು. ಮೇಲೂರಿನಲ್ಲಿ ರೇಷ್ಮೆ ಹುಳು ಸಾಕುವ ನಮ್ಮತ್ತೆ ರಾಮಲಕ್ಷ್ಮಮ್ಮನವರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೆವು. ಹುಳುವಿನ ವಯಸ್ಸು ತೋರಿಸುವ ಅರ್ಧ ಅವಳದು. ಸೊಪ್ಪು ಹಾಕುವ ಹೊತ್ತಿಗೆ ಗಂಟೆ ಬಾರಿಸುವ ಅರ್ಧ ನನ್ನದು. ಸೊಪ್ಪು ಹಾಕಿದ ತಟ್ಟೆಯ ಫೋಟೋ ಕಳಿಸುವ ತನಕ ಆ ಗಂಟೆ ನಿಲ್ಲದು! "ಸೋಮಾರಿಗಳಿಗೆ ಇದೇ ಮದ್ದು" ಎಂದು ಬೀಗಿದ್ದೆ. ಅಳಿಯ ಕೆಲಸಕ್ಕೆ ಬಾರದವನೆಂಬುದು ಅತ್ತೆಯ ಬಹುಕಾಲದ ಅನುಮಾನ. ಅದನ್ನು ತೊಳೆಯಲು ನನಗಿದ್ದದ್ದು ಇದೊಂದೇ ಅವಕಾಶ. ಭಾನುವಾರ ಹತ್ತಕ್ಕೆ ಅವರು ಗೆಳತಿ ಚಿಕ್ಕವೆಂಕಟಮ್ಮನ ಸಮೇತ ಪರೀಕ್ಷೆಗೆ ಬರುವವರಿದ್ದರು.

ಒಂಬತ್ತಕ್ಕೆ ಇಬ್ಬರ ಫೈಲುಗಳನ್ನೂ ಕೂಡಿಸಿದೆ. ಬೇರೆಯವರು ಬರೆದಿಟ್ಟ ಕೋಡುಗಳನ್ನು ತಂದು ಜೋಡಿಸಿಕೊಡುವ ಉಸ್ತುವಾರಿ ಪ್ರೋಗ್ರಾಂ ಒಂದಿದೆ. ಆ ಮಹಾಶಯ ಮೂವತ್ತೆಂಟು ಹಳದಿ ಎಚ್ಚರಿಕೆಗಳನ್ನು ಕಕ್ಕಿದ.

"ಓದ್ರೀ ಅದನ್ನ," ಒಗ್ಗರಣೆ ಹಾಕುತ್ತಲೇ ಶೋಭಾ ಕೂಗಿದಳು.

"ಕೆಂಪಲ್ಲ ಕಣೇ, ಹಳದಿ. ಅರಿಶಿನದ ಬಣ್ಣ, ಮಂಗಳಕರ."

"ನಿಮ್ಮ ತಲೆ! ಓದ್ರೀ ಅಂದ್ರೆ."

ಓದುವವರು ಯಾರು? ಎಲ್ಲ ಎಚ್ಚರಿಕೆಗಳ ಬಾಯಿ ಮುಚ್ಚಿಸುವ ಸಾಲೊಂದಿದೆ. ಬರೆದೆ. ಪರದೆ ಸ್ವಚ್ಛ! (ಸಂಸಾರಕ್ಕೂ ಇಂಥದ್ದೊಂದು ಸಾಲಿದ್ದಿದ್ದರೆ!) "ಮೂವತ್ತೆಂಟನ್ನೂ ಸರಿ ಮಾಡಿದೆ" ಎಂದು ಘೋಷಿಸಿ ಒಂದು ಲೋಟ ಕಾಫಿ ಗಿಟ್ಟಿಸಿದೆ.

ಹತ್ತಕ್ಕೆ ಅತ್ತೆ ಫೋನು ಹಿಡಿದರು. ಹುಳುವಿನ ವಯಸ್ಸು ಸರಿಯಾಗಿ ಬಂತು. ಗಂಟೆಯ ಚಿತ್ರ ಒತ್ತಿದರು. ಆ್ಯಪೇ ಮಾಯ! ಮತ್ತೆ ಒತ್ತಿದರು, ಮತ್ತೆ ಮಾಯ.

"ಏಮಕ್ಕಾ, ನಿನ್ನಳಿಯನ ಗಂಟೆ ನಾಚ್ಕೊಂಡು ಓಡೋಗ್ತದೆ!" ಎಂದು ಚಿಕ್ಕವೆಂಕಟಮ್ಮ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಶೋಭಾ ನನ್ನ ಸಾಲನ್ನು ಅಳಿಸಿದಳು. ಮೂವತ್ತೆಂಟೂ ಎದ್ದು ಬಂದವು. ಓದಿದಳು.

"ಅಮ್ಮಾ, ಹೊರಗಿನ ಒಂದೇ ಕೋಡನ್ನ ಇಬ್ಬರೂ ತಂದಿದ್ದೀವಿ. ನಂದು ಹೊಸದು, ಇವರದು ಮೂರು ವರ್ಷ ಹಳೇದು. ಎರಡನ್ನೂ ಒಟ್ಟಿಗೆ ಸುರಿದವ್ರೆ."

"ಅಯ್ಯೋ, ಎರಡನೇ ಜ್ವರದ ಹುಳಾನೂ ಮೂರನೇ ಜ್ವರದ ಹುಳಾನೂ ಒಂದೇ ತಟ್ಟೇಲಿ ಬಿಟ್ಟಂಗಾಯ್ತಲ್ಲಪ್ಪಾ!" ಅತ್ತೆ ಹಣೆ ಚಚ್ಚಿಕೊಂಡರು. (ಹುಳು ಮೇಯದೆ ಮಲಗಿ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ.) "ಒಂದು ಮಲಗಿದ್ರೆ ಇನ್ನೊಂದು ಸೊಪ್ಪು ಕೇಳ್ತದೆ. ಎಲ್ಲಾನೂ ಒಂದೇ ಜ್ವರಕ್ಕೆ ತಾರಪ್ಪ!"

ಕಂಪ್ಯೂಟರ್ ಮುಟ್ಟದ ಅತ್ತೆ ಒಂದೇ ಉಸಿರಿಗೆ ರೋಗ ಪತ್ತೆಹಚ್ಚಿದ್ದರು. ನನ್ನ ಹಳೆಯದನ್ನು ಕಿತ್ತು ಹೊಸದು ಹಾಕಿದೆ. ಎಚ್ಚರಿಕೆಗಳು ತಾವಾಗಿಯೇ ಹೋದವು. ಗಂಟೆ ಢಣಢಣ ಎಂದಿತು! ಸಂತೋಷಕ್ಕೆ ಚಿಕ್ಕವೆಂಕಟಮ್ಮನವರ ಎದುರೇ ಕುಣಿದುಬಿಟ್ಟೆ.

"ಚೆನ್ನಾಗೈತೆ," ಎಂದರು ಅತ್ತೆ. ಒಂಬತ್ತು ವರ್ಷದಲ್ಲಿ ಮೊದಲ ಹೊಗಳಿಕೆ! "ಆದ್ರೆ ಗಂಟೆ ನನಗ್ಯಾಕಪ್ಪಾ? ನಲವತ್ತು ವರ್ಷದಿಂದ ಸೊಪ್ಪು ಮರೆತೋಳಲ್ಲ. ಶೋಭಾ, ಗಂಟೆ ಯಾರ ಫೋನಲ್ಲಿ ಹೊಡೀಬೇಕು ಅಂತ ನಂಬರು ಕೇಳ್ತಾ ಐತೆ ನೋಡು."

"ಹಾಕಿದೆ ಕಣಮ್ಮ, ಇವರದೇ."

ಈಗ ನನ್ನ ಫೋನಿನಲ್ಲಿ ಗಂಟೆ ಹೊಡೆದಾಗಲೆಲ್ಲ ಸ್ಕೂಟರ್ ಹತ್ತಿ ಮೇಲೂರಿಗೆ ಓಡುತ್ತೇನೆ, ಸೊಪ್ಪು ಹಾಕುತ್ತೇನೆ, ಫೋಟೋ ಕಳಿಸುತ್ತೇನೆ. ಗಂಟೆಯ ಬಾಯಿ ಮುಚ್ಚಿಸುವ ಸಾಲೊಂದನ್ನು ಸೇರಿಸೋಣವೆಂದರೆ, ಶೋಭಾ ಓದಿ ಒಪ್ಪದೆ ನನ್ನ ಫೈಲು ಇನ್ನು ಕೂಡುವಂತಿಲ್ಲ. ಅವಳಂತೂ ಒಂದೊಂದು ಸಾಲನ್ನೂ ಓದುತ್ತಾಳೆ.