ನಾನು ನದಿಯಾಗಿದ್ದ ನಾಟಕ

ಚಿಂತೆ ನನಗೆ ಹೊಸದೇನಲ್ಲ. ಮಗುವಿನ ಹಾಲಿನ ಬಾಟಲಿಯನ್ನು ಮೂರು ಸಲ ಕುದಿಸುವವಳು ನಾನು. ಮೊದಲೆರಡು ಸಲ ಕುದಿಸಿದ್ದು ನೆಟ್ಟಗಿತ್ತೋ ಇಲ್ಲವೋ ಎಂಬ ಅನುಮಾನದ ನಿವಾರಣೆಗಾಗಿ ಮೂರನೆಯದು. ಮಗು ಅತ್ತರೆ ಯಾಕೆ ಅಳುತ್ತಿದೆ ಎಂದು ಹೆದರುತ್ತೇನೆ, ಸುಮ್ಮನಿದ್ದರೆ ಯಾಕೆ ಅಳುತ್ತಿಲ್ಲ ಎಂದು ಇನ್ನಷ್ಟು ಹೆದರುತ್ತೇನೆ. ಆದರೆ ಈ ಶುಕ್ರವಾರ ನನ್ನನ್ನು ಹಿಡಿದುಕೊಂಡ ಚಿಂತೆ ಬೇರೆಯೇ ದರ್ಜೆಯದು. ಎಷ್ಟು ಕುದಿಸಿದರೂ ಹೋಗುವಂಥದ್ದಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ನನ್ನ ಚಿಕ್ಕಮ್ಮ ಇನ್ನೂರು ಮಂದಿಯ ಎದುರು ವೇದಿಕೆ ಹತ್ತಿ, ನಾನು ಹೇಳಿದ ಹನ್ನೊಂದು ಸುಳ್ಳುಗಳನ್ನು ಮೈಕಿನಲ್ಲಿ ಓದಲಿದ್ದಳು. ಆ ಸುಳ್ಳುಗಳು ಯಾರ ಬಗ್ಗೆಯೋ ಆ ಹುಡುಗಿ ಅದೇ ವೇದಿಕೆಯಲ್ಲಿ, ಪಕ್ಕದ ಕುರ್ಚಿಯಲ್ಲೇ ಕೂತಿರಲಿದ್ದಳು.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಒಂಬತ್ತು ವರ್ಷ ಒಂದೇ ನಾಟಕದಲ್ಲಿ ಒಂದೇ ಪಾತ್ರ ಮಾಡಿದವಳು. ಮಾತಿಗಿಂತ ಹಾಡೇ ಹೆಚ್ಚಿದ್ದ ಆ ನಾಟಕಕ್ಕೆ ಟಿಕೆಟ್ಟಿನ ಮೇಲೆ ಹಿಡಿಸದಷ್ಟು ಉದ್ದದ ಹೆಸರೊಂದಿತ್ತು. ಊರೆಲ್ಲ ಕರೆಯುತ್ತಿದ್ದದ್ದು ಮಾತ್ರ ‘ದೋಣಿ ನಾಟಕ’ ಎಂದು. ಚಿಕ್ಕಮ್ಮ ಅದರಲ್ಲಿ ಅಂಬಿಗಿತ್ತಿ. ಎರಡನೇ ಅಂಕದ ಕೊನೆಗೆ ದೋಣಿಯಲ್ಲಿ ನಿಂತು, ಕೈಯಲ್ಲಿ ಹುಟ್ಟು ಹಿಡಿದು, ಮೂರು ಚರಣದ ಹಾಡೊಂದನ್ನು ಹಾಡುತ್ತ ರಂಗದ ಎಡಗಡೆಯಿಂದ ಬಲಗಡೆಗೆ ಹೋಗಿಬಿಡುವಳು. ಪ್ರತಿ ಚರಣದ ಕೊನೆಗೂ “ಆಚೆಗೆ ಯಾರು ಬರ್ತೀರಿ?” ಎಂದು ಕೇಳುವಳು. ಇಡೀ ಪ್ರೇಕ್ಷಾಗೃಹ “ನಾವು” ಎನ್ನುತ್ತಿತ್ತು. ಮಾಡು ಹಾರಿಹೋಗುವಂತೆ. ದೋಣಿಯ ಅಡಿಯಲ್ಲಿ ನಾಲ್ಕು ಚಕ್ರ, ಮುಂದೆ ಒಂದು ಹಗ್ಗ, ಹಗ್ಗದ ತುದಿಯಲ್ಲಿ ದೀಪ ನೋಡಿಕೊಳ್ಳುವ ದಪ್ಪ ಮನುಷ್ಯ. ದೋಣಿಗೂ ಜನಕ್ಕೂ ನಡುವೆ ನದಿ.

ಆ ನದಿ ನಾನು.

(ನಗಬೇಡಿ. ನನ್ನ ರಂಗಜೀವನ ಇಷ್ಟೇ, ಇದ್ದಷ್ಟನ್ನು ಗೌರವದಿಂದ ಹೇಳಿಕೊಳ್ಳಲು ಬಿಡಿ.) ಇಪ್ಪತ್ತು ಮೊಳ ಉದ್ದದ ನೀಲಿ ಬಟ್ಟೆ. ಅದರ ಎಡತುದಿಯನ್ನು ಕಂಪನಿಯ ದರ್ಜಿಯ ಮಗಳು, ಬಲತುದಿಯನ್ನು ನಾನು ಪರದೆಯ ಮರೆಯಲ್ಲಿ ಮಂಡಿಯೂರಿ ಹಿಡಿದು ಅಲ್ಲಾಡಿಸಬೇಕು. ಮೊದಲ ಚರಣಕ್ಕೆ ಸಣ್ಣ ಅಲೆ, ಎರಡನೆಯದಕ್ಕೆ ದೊಡ್ಡ ಅಲೆ, ಮೂರನೆಯದಕ್ಕೆ ಪ್ರವಾಹ. ಎಂಟನೇ ವಯಸ್ಸಿನಿಂದ ಹನ್ನೊಂದರವರೆಗೆ ನಾಲ್ಕು ಬೇಸಿಗೆ ರಜೆ ನಾನು ಹೀಗೆ ಹರಿದೆ. ಓರಗೆಯ ಮಕ್ಕಳು ರಜೆಯಲ್ಲಿ ಈಜು ಕಲಿಯುತ್ತಿದ್ದರು, ನಾನು ನೀರೇ ಆಗಿದ್ದೆ. ರಂಗದ ಹಿಂದೆ ಒಂದು ವಾಸನೆ ಇರುತ್ತಿತ್ತು. ಮುಖದ ಬಣ್ಣ, ಬೆವರು, ಬಿಸಿ ಬಲ್ಬಿನ ಮೇಲೆ ಸುಟ್ಟ ಧೂಳು. ಈಗಲೂ ಮಗುವಿನ ಅಂಗಿಗೆ ಇಸ್ತ್ರಿ ಮಾಡುವಾಗ ಪೆಟ್ಟಿಗೆ ಸ್ವಲ್ಪ ಹೆಚ್ಚು ಕಾದರೆ ಆ ವಾಸನೆ ಬರುತ್ತದೆ, ನಾನು ಇಸ್ತ್ರಿಪೆಟ್ಟಿಗೆ ಹಿಡಿದು ಹಾಗೇ ನಿಂತುಬಿಡುತ್ತೇನೆ. (ಒಂದು ಅಂಗಿ ಹಾಗೇ ಹೋಯಿತು.)

ಈ ನಾಟಕವನ್ನು ಈಗ ಸಿನಿಮಾ ಮಾಡಿದ್ದಾರೆ.

ಸುದ್ದಿ ಬಂದ ದಿನದಿಂದ ನಮ್ಮ ‘ದೋಣಿಕಟ್ಟೆ’ಯಲ್ಲಿ ಹಾಹಾಕಾರ. ದೋಣಿಕಟ್ಟೆ ಎಂದರೆ ಹಳೆಯ ಪ್ರೇಕ್ಷಕರ ವಾಟ್ಸಾಪ್ ಬಳಗ, ಸದಸ್ಯರು ಇನ್ನೂರ ಹನ್ನೆರಡು. ಅದರ ಮುಖಂಡರು ಒಬ್ಬ ನಿವೃತ್ತ ಲೈಬ್ರೇರಿಯನ್. ನಾಟಕವನ್ನು ಅರವತ್ತೆಂಟು ಸಲ ನೋಡಿದವರು, ಪ್ರತಿ ಸಲದ ಟಿಕೆಟ್ಟನ್ನೂ ದಿನಾಂಕದ ಪ್ರಕಾರ ಜೋಡಿಸಿಟ್ಟವರು. ಟ್ರೇಲರ್ ಬಂದಾಗ ದೋಣಿಯ ಬಣ್ಣ ಸರಿಯಿಲ್ಲ ಎಂದು ಅವರು ಉಪವಾಸ ಕೂರುವುದೊಂದು ಬಾಕಿ. ಬಳಗದ ದಂತವೈದ್ಯೆ, ಅಂಬಿಗಿತ್ತಿಗೆ ಅಷ್ಟು ಬಿಳಿ ಹಲ್ಲು ವೈದ್ಯಕೀಯವಾಗಿ ಸಾಧ್ಯವಿಲ್ಲ ಎಂದು ಬರೆದರು. ನಾನೂ ಸುಮ್ಮನಿರಲಿಲ್ಲ. ನನ್ನ ದುಃಖ ಎಲ್ಲರಿಗಿಂತ ದೊಡ್ಡದು. ನನ್ನ ಪಾತ್ರವನ್ನು ಅವರು ಒಂದು ನಿಜವಾದ ನದಿಗೆ ಕೊಟ್ಟುಬಿಟ್ಟಿದ್ದರು. ಒಂದು ದಿನದ ತಾಲೀಮೂ ಇಲ್ಲದೆ, ಹಾಗೇ ಬಿದ್ದುಕೊಂಡು ಹರಿಯುವ ನದಿಗೆ.

ಗುರುವಾರ ಬೆಳಗಿನ ಮೊದಲ ಆಟಕ್ಕೆ ಮಗುವನ್ನು ಎದೆಗೆ ಕಟ್ಟಿಕೊಂಡು ಹೊರಟೆ. ಜೊತೆಗೆ ಎರಡು ಚೀಲ. ಮೂರು ಗಂಟೆಯ ಸಿನಿಮಾಕ್ಕೆ ಮೂರು ದಿನದ ಸಾಮಾನು. ಚಿಕ್ಕಮ್ಮನನ್ನೂ ಕರೆದಿದ್ದೆ. “ನೀನು ನೋಡ್ಕೊಂಡು ಬಾ, ಆಮೇಲೆ ಹೇಳು” ಎಂದಿದ್ದಳು. ಮಂಡಿನೋವು, ಚಿತ್ರಮಂದಿರದ ಮೆಟ್ಟಿಲು ಹತ್ತಲಾರಳು ಎಂದುಕೊಂಡೆ.

ಒಳಗೆ ನೋಡಿದರೆ ಅರ್ಧ ದೋಣಿಕಟ್ಟೆ ಅಲ್ಲಿದೆ. ಲೈಬ್ರೇರಿಯನ್ ಪೆನ್ ಟಾರ್ಚ್ ಹಿಡಿದು ತಪ್ಪು ಗುರುತು ಮಾಡಿಕೊಳ್ಳಲು ನೋಟ್‌ಬುಕ್ ತೆರೆದಿದ್ದರು. ಅಂಬಿಗಿತ್ತಿಯಾಗಿ ಬಂದವಳು ಇಪ್ಪತ್ತರ ಆಸುಪಾಸಿನ ಹೊಸ ಹುಡುಗಿ. “ಆಚೆಗೆ ಯಾರು ಬರ್ತೀರಿ?” ಎಂದು ಅವಳು ಪರದೆಯ ಮೇಲೆ ಕೇಳಿದ್ದೇ ತಡ, ನಾವೆಲ್ಲ ಅಭ್ಯಾಸಬಲದಿಂದ “ನಾವು” ಎಂದೆವು. ಸಿನಿಮಾ ನಮಗಾಗಿ ಕಾಯಲಿಲ್ಲ. ಹಾಡಿನ ಮುಂದಿನ ಸಾಲು ನಮ್ಮ ಕೂಗಿನಲ್ಲಿ ಅರ್ಧ ಮುಳುಗಿಹೋಯಿತು. ಟಾರ್ಚ್ ಹೊತ್ತಿತು, ತಪ್ಪು ಸಂಖ್ಯೆ ಇಪ್ಪತ್ತಮೂರು ದಾಖಲಾಯಿತು. ನನ್ನ ಕೈಗಳು ನನ್ನನ್ನು ಕೇಳದೆ ಮಗುವಿನ ಹೊದಿಕೆಯ ತುದಿ ಹಿಡಿದು ಸಣ್ಣಗೆ ಅಲೆ ಎಬ್ಬಿಸತೊಡಗಿದ್ದವು.

ಆಮೇಲೆ ಮೂರನೇ ಚರಣ. ಚಿಕ್ಕಮ್ಮನ ಮೂರನೇ ಚರಣ ಎಂದರೆ ಮಿಂಚು. ಆ ವೇಗಕ್ಕಾಗಿಯೇ ಜನ ಮತ್ತೆ ಮತ್ತೆ ಬರುತ್ತಿದ್ದರು. ಈ ಹುಡುಗಿ ಮಾತ್ರ ನಿಂತುಬಿಟ್ಟಳು. ಹುಟ್ಟನ್ನು ನೀರಿನಿಂದ ಎತ್ತಿದಳು. ಅದರ ಅಂಚಿನಿಂದ ಹನಿ ಬೀಳುವುದನ್ನು ನೋಡಿದಳು. ಒಂದು, ಎರಡು, ಮೂರು. ಬಿಟ್ಟುಹೋಗುತ್ತಿರುವ ದಡದ ಕಡೆ ತಿರುಗಿ, ತೀರಾ ನಿಧಾನವಾಗಿ, ಯಾರಿಗೋ ಕೇಳಿಸಬಾರದೆಂಬಂತೆ ಹಾಡಿದಳು. ಮಗು ಉಸಿರು ಹಿಡಿದಂತಿತ್ತು. (ಉಸಿರಾಡುತ್ತಿದೆ ತಾನೇ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ.) ನಾನು ಅತ್ತ ಅಳುವಿಗೆ ಚೀಲದಲ್ಲಿದ್ದ ಮಗುವಿನ ಮೂರು ಟವೆಲ್ ಸಾಲಲಿಲ್ಲ.

ಮನೆಗೆ ಬಂದು ಮಗುವನ್ನು ಮಲಗಿಸುವಷ್ಟರಲ್ಲಿ ಚಿಕ್ಕಮ್ಮನ ಫೋನ್.

“ನೋಡಿದ್ಯಾ? ಹೇಗೆ ಮಾಡಿದಾಳೆ ಆ ಹುಡುಗಿ?”

ಏನು ಹೇಳಲಿ? ಒಂಬತ್ತು ವರ್ಷ ಆ ದೋಣಿಯಲ್ಲಿ ನಿಂತವಳಿಗೆ, ‘ನಿನ್ನ ಹಾಡಿಗೆ ನಾನು ಯಾವತ್ತೂ ಅತ್ತಿರಲಿಲ್ಲ, ಇವತ್ತು ಅತ್ತೆ’ ಎಂದು ಹೇಳುವುದು ಹೇಗೆ?

“ನಿನ್ನ ಮುಂದೆ ಏನೂ ಇಲ್ಲ ಬಿಡು ಚಿಕ್ಕಮ್ಮ” ಎಂದೆ.

“ಏನೂ ಇಲ್ಲ ಅಂದ್ರೆ? ಬಿಡಿಸಿ ಹೇಳು.”

“ಹುಟ್ಟು ಹಿಡಿಯೋಕೇ ಬರಲ್ಲ ಅವಳಿಗೆ. ಬಕೆಟ್ಟಲ್ಲಿ ಬಟ್ಟೆ ತಿರುವಿದ ಹಾಗೆ ತಿರುವ್ತಾಳೆ.”

“ಇರು, ಪೆನ್ನು ತರ್ತೀನಿ” ಎಂದಳು.

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಆದರೆ ಬರೆದುಕೊಳ್ಳುತ್ತಿದ್ದಾಳೆ ಎಂದರೆ ಖುಷಿಯಾಗಿದೆ ಎಂದುಕೊಂಡೆ. ಖುಷಿಯನ್ನು ಅರ್ಧಕ್ಕೆ ನಿಲ್ಲಿಸಲು ಮನಸ್ಸು ಬರಲಿಲ್ಲ.

“ನಿಲ್ಲೋ ರೀತಿನೂ ಸರಿ ಇಲ್ಲ. ಬಸ್ಸಿಗೆ ಕಾಯ್ತಿರೋ ಹಾಗಿದೆ.”

“ಹೂಂ, ಬಸ್ಸು. ಆಮೇಲೆ?”

“ಉಸಿರು ಎಳ್ಕೊಳ್ಳೋದು ಹಿಂದಿನ ಸಾಲಿನವರೆಗೂ ಕೇಳಿಸುತ್ತೆ.”

“ಉಸಿರು. ಮೂರನೇ ಚರಣ?”

“ಅದನ್ನಂತೂ ಕೇಳ್ಲೇಬೇಡ. ಆಮೆ ರಸ್ತೆ ದಾಟಿದ ಹಾಗೆ. ನೀನು ಹೇಗೆ ಹಾರಿಸ್ತಿದ್ದೆ.”

“ಹಾರಿಸ್ತಿದ್ದೆ, ಹೌದು” ಎಂದಳು ಚಿಕ್ಕಮ್ಮ.

ಮಗು ಎದ್ದು ಅಳುವಷ್ಟರಲ್ಲಿ ಪಟ್ಟಿ ಹನ್ನೊಂದಕ್ಕೆ ಮುಟ್ಟಿತ್ತು. ಪುಣ್ಯಾತ್ಗಿತ್ತಿ ಮಗು, ಇಲ್ಲದಿದ್ದರೆ ಇಪ್ಪತ್ತಾಗುತ್ತಿತ್ತು.

ಶುಕ್ರವಾರ ಬಳಗದಲ್ಲಿ ಆಮಂತ್ರಣ ಬಂತು. ಭಾನುವಾರ ಹಳೆಯ ಪ್ರೇಕ್ಷಕರ ಕೂಟ. ವೇದಿಕೆಯಲ್ಲಿ ನಾಟಕದ ಅಂಬಿಗಿತ್ತಿ ಮತ್ತು ಸಿನಿಮಾದ ಅಂಬಿಗಿತ್ತಿ. ಚಿಕ್ಕಮ್ಮನಿಂದ ‘ಸಿನಿಮಾ ಕುರಿತು ನಾಲ್ಕು ಮಾತು’. ನಾಲ್ಕಲ್ಲ, ಹನ್ನೊಂದು ಎಂದು ನನಗೆ ಮಾತ್ರ ಗೊತ್ತಿತ್ತು.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರ ಕೂಗಾಟ ಕೇಳಿ ಕೇಳಿ, ಮನೆಯ ಕೂಗಾಟ ಅವರಿಗೆ ತಟ್ಟುವುದಿಲ್ಲ.

“ಫೋನ್ ಮಾಡಿ, ಸುಳ್ಳು ಹೇಳಿದೆ ಅಂದ್ಬಿಡು” ಎಂದರು.

“ಅಂದ್ರೆ ಆ ಹುಡುಗಿ ನಿನಗಿಂತ ಚೆನ್ನಾಗಿ ಹಾಡಿದಾಳೆ ಅಂತ ಹೇಳಿದ ಹಾಗಾಗಲ್ವಾ?”

“ಹಾಡಿದಾಳಾ?”

“ಅದಲ್ಲ ಪ್ರಶ್ನೆ.”

“ಮತ್ತೆ ಕಣ್ಣು ಊದಿಸ್ಕೊಂಡು ಯಾಕೆ ಬಂದೆ?”

“ಏಸಿ ಕಣ್ಣಿಗೆ ಹೊಡೀತಿತ್ತು ರೀ.”

“ಹದಿನಾಲ್ಕು ವರ್ಷದಿಂದ ಮೆಷಿನ್ ರಿಪೇರಿ ಮಾಡ್ತಿದೀನಿ. ಈ ಕಂಪ್ಲೇಂಟು ಇದೇ ಮೊದಲು.”

“ನಿಮಗೇನು, ತಮಾಷೆ. ಅಲ್ಲಿ ಆ ಹುಡುಗಿ ಎಲ್ಲರೆದುರು ಅಳ್ತಾಳೆ, ಚಿಕ್ಕಮ್ಮನಿಗೆ ಹೊಟ್ಟೆಕಿಚ್ಚು ಅಂತ ಸೋಮವಾರ ಪೇಪರ್‌ನಲ್ಲಿ ಬರುತ್ತೆ.”

“ಅದಕ್ಕೇ ಹೇಳಿದ್ದು, ಫೋನ್ ಮಾಡು.”

“ಮಗುವಿನ ಉಗುರು ಕತ್ತರಿಸಿ ಮಾಡ್ತೀನಿ.”

ಮಗುವಿನ ಉಗುರು ಕತ್ತರಿಸಿದೆ. ಬಾಟಲಿ ಕುದಿಸಿದೆ, ನಾಲ್ಕನೇ ಸಲ. ಗೊಂಬೆಗಳನ್ನು ತೊಳೆದು ಸಾಲಾಗಿ ಒಣಹಾಕಿದೆ. ಶನಿವಾರ ಹನ್ನೊಂದು ಗಂಟೆಗೆ ಮನೆಯಲ್ಲಿ ಕೊಳೆಯಾದದ್ದು, ಬೆಳೆದದ್ದು ಏನೂ ಉಳಿಯಲಿಲ್ಲ. ನಮ್ಮವರು ಮಗುವನ್ನು ಎತ್ತಿಕೊಂಡು ಫೋನನ್ನು ನನ್ನ ಮುಂದಿಟ್ಟು ಹೋದರು.

ಮಾಡಿದೆ.

“ಚಿಕ್ಕಮ್ಮಾ, ಆ ಪಟ್ಟಿ ಇದೆಯಲ್ಲ, ಹರಿದು ಬಿಸಾಕು. ನಾನು ಹೇಳಿದ್ದೆಲ್ಲ ಸುಳ್ಳು. ಆ ಹುಡುಗಿ ತುಂಬಾ ಚೆನ್ನಾಗಿ ಮಾಡಿದಾಳೆ.”

“ನನ್ನ ಸಮಾಧಾನಕ್ಕೆ ಹೇಳ್ತಿದೀಯ” ಎಂದಳು. ಧ್ವನಿ ಸೋತಿತ್ತು. “ಬೇಡ ಕಣೇ. ಎರಡು ದಿನದಿಂದ ಪಟ್ಟಿ ಮುಂದಿಟ್ಕೊಂಡು ಕೂತಿದೀನಿ. ನೀನು ಹೇಳಿದ್ದೇ ಸರಿ. ನಾಳೆ ಎಲ್ಲರೆದುರು ಓದಿ, ತಪ್ಪೆಲ್ಲ ಕಲಿಸಿದವಳದು, ಹುಡುಗಿಯದಲ್ಲ ಅಂತ ಹೇಳಿಬಿಡ್ತೀನಿ.”

“ಕಲಿಸಿದವಳು ಯಾರು?”

“ನಾನೇ.”

ನನ್ನ ಕೈಯಿಂದ ಫೋನ್ ಜಾರಿ ಗೊಂಬೆಗಳ ನಡುವೆ ಬಿತ್ತು. ಎತ್ತಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಅರ್ಧ ಹೇಳಿಯಾಗಿತ್ತು. “...ಮಂಡಿ ಚಿಕಿತ್ಸೆಗೆ ಅಂತ ಹೋದ ವರ್ಷ ಮೂರು ತಿಂಗಳು ಊರಲ್ಲಿರಲಿಲ್ಲವಲ್ಲ, ಆಗ ಅವರ ಶೂಟಿಂಗಲ್ಲೇ ಇದ್ದೆ. ಬಿಡುಗಡೆ ಆಗೋವರೆಗೂ ಬಾಯಿ ಬಿಡಬೇಡಿ ಅಂದಿದ್ರು ಸಿನಿಮಾದವರು. ಹುಟ್ಟು ತಿರುವೋದು, ನಿಲ್ಲೋದು, ಎಲ್ಲಿ ಉಸಿರು ತಗೋಬೇಕು ಅನ್ನೋದು, ಎಲ್ಲಾ ನಾನೇ ಕಲಿಸಿದ್ದು. ನೀನು ನೋಡಿದ ತಕ್ಷಣ ‘ಚಿಕ್ಕಮ್ಮಾ, ಅಲ್ಲಿ ನಿಂತಿದ್ದು ನೀನೇ’ ಅಂತ ಕಂಡುಹಿಡೀತೀಯ ಅಂದ್ಕೊಂಡಿದ್ದೆ. ನಾಲ್ಕು ಬೇಸಿಗೆ ನನ್ನ ಕಾಲಬುಡದಲ್ಲೇ ಇದ್ದವಳಲ್ವಾ. ಬಕೆಟ್ಟು ಅಂದೆ.”

ಭೂಮಿ ಬಾಯಿಬಿಡಲಿ ಎಂದು ನಾನು ಕಾದೆ. ನಾವಿರುವುದು ಮೂರನೇ ಮಹಡಿಯಲ್ಲಿ, ಬಾಯಿಬಿಟ್ಟರೂ ಎರಡನೇ ಮಹಡಿಯವರ ಅಡುಗೆಮನೆಗೆ ಬೀಳುತ್ತಿದ್ದೆ.

“ಚಿಕ್ಕಮ್ಮಾ, ಕೇಳು. ನಿಜವಾಗ್ಲೂ ಸುಳ್ಳು ಹೇಳಿದೆ. ನಿನಗೆ ಬೇಜಾರಾಗುತ್ತೆ ಅಂತ. ನಾನು ಅಲ್ಲಿ ಕೂತು ಅತ್ತೆ.”

“ಎಲ್ಲಿ ಅತ್ತೆ?” ಥಟ್ಟನೆ ಕೇಳಿದಳು. ಪರೀಕ್ಷೆ.

“ಮೂರನೇ ಚರಣದಲ್ಲಿ. ಹುಟ್ಟು ಎತ್ತಿ ಹನಿ ಬೀಳೋದನ್ನ ನೋಡ್ತಾಳಲ್ಲ, ಮೂರು ಹನಿ. ಆಮೇಲೆ ಹಿಂದೆ ತಿರುಗಿ ನಿಧಾನಕ್ಕೆ ಹಾಡ್ತಾಳೆ. ಅಲ್ಲಿ ನೀನೇ ಕಂಡೆ.”

ಚಿಕ್ಕಮ್ಮ ನಕ್ಕಳು. ಎಷ್ಟೋ ವರ್ಷದ ಮೇಲೆ ಕೇಳಿದ, ರಂಗದ ಹಿಂದಿನ ನಗು.

“ಅದೊಂದೇ ಕಣೇ ನನ್ನದಲ್ಲದ್ದು. ಅದು ಆ ಹುಡುಗಿಯದೇ. ಆದರೆ ಮೂರು ಹನಿ ಅಂತ ಎಣಿಸಿದೀಯ ಅಂದ್ಮೇಲೆ ಅತ್ತಿದ್ದು ನಿಜ.”

“ಹಾಗಾದ್ರೆ ನಾಟಕದಲ್ಲಿ ಆ ಚರಣ ಅಷ್ಟು ಬೇಗ...”

“ಅದು ನಿಧಾನವಾಗಿ ಹಾಡೋಕೇ ಬರೆದದ್ದು. ದಡ ಬಿಟ್ಟು ಹೋಗ್ತಿರೋಳು ಯಾರಾದ್ರೂ ಓಡ್ತಾಳಾ? ಪ್ರವಾಹ ಶುರುವಾದ ಕೂಡ್ಲೇ ಬಲಗಡೆ ನೀರು ಇಳೀತಿತ್ತು. ಓರೆಗಣ್ಣಲ್ಲಿ ನೋಡಿದ್ರೆ ನಿನ್ನ ತೋಳು ನಡುಗ್ತಿತ್ತು, ಮುಖ ಕೆಂಪಗೆ, ನೀನು ತುಟಿ ಕಚ್ಕೊಂಡು ಕೂತಿರ್ತಿದ್ದೆ. ಬೇಗ ಮುಗಿಸಿಬಿಡೋಣ ಅಂತ ಓಡಿಸಿದೆ. ಜನ ಚಪ್ಪಾಳೆ ಹೊಡೆದ್ರು. ನೀನು ಬಿಟ್ಟ ಮೇಲೆ ಒಂದು ಸಲ ನಿಧಾನ ಮಾಡಿ ನೋಡಿದೆ, ಆ ಲೈಬ್ರೇರಿಯನ್ ಬಂದು ಸಂಪ್ರದಾಯ ಮುರಿದ್ರಿ ಅಂತ ಜಗಳ ಆಡಿದ್ರು.”

ಬಳಗದ ಮಹಾಸಂಪ್ರದಾಯ, ಸಿನಿಮಾದವರು ಕೊಂದರೆಂದು ಇನ್ನೂರ ಹನ್ನೆರಡು ಮಂದಿ ಮೂರು ದಿನದಿಂದ ಎದೆ ಬಡಿದುಕೊಳ್ಳುತ್ತಿರುವ ಆ ಮಿಂಚಿನ ವೇಗ, ಎಂಟು ವರ್ಷದ ಹುಡುಗಿಯೊಬ್ಬಳ ಸೋತ ತೋಳು. ಇಷ್ಟು ವರ್ಷ ನಾನು ಚಿಕ್ಕಮ್ಮನನ್ನು ನನ್ನ ಅಲೆಗಳ ಮೇಲೆ ದಾಟಿಸಿದೆ ಎಂದುಕೊಂಡಿದ್ದೆ. ಅವಳು ತನ್ನ ಹಾಡಿನ ಕೊರಳು ಹಿಸುಕಿ ನನ್ನನ್ನು ದಾಟಿಸುತ್ತಿದ್ದಳು.

ಮಗುವಿನ ಟವೆಲ್ ಎಳೆದುಕೊಂಡು ಕಣ್ಣು ಒರೆಸಿಕೊಂಡೆ. ಏಸಿ ಕೂಡ ಇರಲಿಲ್ಲ.

“ಕೈ ನೋಯುತ್ತೆ ಅಂತ ಒಂದು ದಿನಾನೂ ಹೇಳಲಿಲ್ಲವಲ್ಲೇ ನೀನು” ಎಂದಳು ಚಿಕ್ಕಮ್ಮ.

“ನದಿ ಮಾತಾಡಬಾರದು ಅಂತ ನೀನೇ ಹೇಳಿದ್ದೆ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಕಾಗದ ಹರಿಯುವ ಸದ್ದು. ಒಂದೇ ಎಳೆತಕ್ಕೆ ಹರಿಯಲಿಲ್ಲ, ನನ್ನ ಪಟ್ಟಿ ಅಷ್ಟು ಗಟ್ಟಿಯಾಗಿತ್ತು.

“ಈಗ ಮಾತಾಡು” ಎಂದಳು. “ನಾಳೆ ನಾಲ್ಕು ಗಂಟೆಗೆ. ನನ್ನ ಹೆಸರು ಹೊಡೆದು ನಿನ್ನ ಹೆಸರು ಹಾಕಿಸ್ತೀನಿ. ಮೂರನೇ ಚರಣ ಯಾಕೆ ಓಡ್ತಿತ್ತು ಅಂತ ಆ ಲೈಬ್ರೇರಿಯನ್‌ಗೆ ನೀನೇ ಹೇಳು.”

“ಚಿಕ್ಕಮ್ಮಾ, ಇನ್ನೂರು ಜನ... ಮಗು ಬೇರೆ...”

“ಮಗೂನ ನಾನು ಎತ್ಕೋತೀನಿ” ಎಂದು ಫೋನ್ ಇಟ್ಟಳು.